ಮೂರು ಚೆಂಡು ಮತ್ತು ನನ್ನ ಬಯಾಲಜಿ

ಎಪ್ಪತ್ತಾರು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ ನಾನು ಮಾಡಿಕೊಂಡು ಬಂದ ಕೆಲಸವೆಂದರೆ ಉಸಿರಾಡುವುದೊಂದೇ. ಬಾಕಿ ಎಲ್ಲದರಲ್ಲೂ, ಹಪ್ಪಳ ಒತ್ತುವುದರಿಂದ ಹಿಡಿದು ಮೊಬೈಲಿನಲ್ಲಿ ಫೋಟೋ ಕಳಿಸುವವರೆಗೆ, ಯಾರಾದರೊಬ್ಬರು ನನ್ನನ್ನು ತಿದ್ದಿದ್ದಾರೆ. ಉಸಿರಾಟದಲ್ಲಿ ಮಾತ್ರ ಯಾರೂ ತಪ್ಪು ಹಿಡಿದಿರಲಿಲ್ಲ. ಆ ಧೈರ್ಯದ ಮೇಲೆ ಅದನ್ನು ಇನ್ನೊಬ್ಬರಿಗೆ ಕಲಿಸಲು ಹೋದೆ. ಈಗ ಕೊಪ್ಪದ ಪೇಟೆಯಲ್ಲಿ ವಾಲಗದ ಸದ್ದು ಕೇಳಿದರೆ ಸಾಕು, ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಡೆಯುತ್ತೇನೆ.

ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ. ನನಗೆ ಗೊತ್ತಿತ್ತು. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದಿದವಳು ನಾನು. ಬಯಾಲಜಿಯಲ್ಲಿ ಕ್ಲಾಸಿಗೇ ಫಸ್ಟ್. ನಮ್ಮ ಬಯಾಲಜಿ ಸಿಸ್ಟರ್ ಒಂದು ಗಾಜಿನ ಜಾಡಿಯೊಳಗೆ ಎರಡು ಬಲೂನು ನೇತುಹಾಕಿ, ಜಾಡಿಯ ತಳಕ್ಕೆ ರಬ್ಬರ್ ಹಾಳೆ ಬಿಗಿದಿದ್ದರು. ಪೇರೆಂಟ್ಸ್ ಡೇ ದಿನ ಬಿಳಿ ಸಾಕ್ಸ್ ಹಾಕಿಕೊಂಡು ಆ ಹಾಳೆಯನ್ನು ಕೆಳಗೆ ಜಗ್ಗಿದವಳು ನಾನೇ. ಜಗ್ಗಿದರೆ ಬಲೂನುಗಳು ತಾವಾಗಿ ಉಬ್ಬುತ್ತಿದ್ದವು. ಶ್ವಾಸಕೋಶಕ್ಕೆ ಸ್ವಂತ ಸ್ನಾಯುವಿಲ್ಲ. ಕೆಳಗೆ, ಆ ರಬ್ಬರ್ ಹಾಳೆಯ ಜಾಗದಲ್ಲಿರುವ ಡಯಾಫ್ರಮ್ ತಗ್ಗುತ್ತದೆ, ಪಕ್ಕೆಲುಬು ಮೇಲೇಳುತ್ತದೆ, ಎದೆಯೊಳಗೆ ಜಾಗವಾಗುತ್ತದೆ, ಜಾಗವಾದದ್ದಕ್ಕೆ ಗಾಳಿ ಒಳಗೆ ಬರುತ್ತದೆ. ಸುಮ್ಮನಿದ್ದಾಗ ಉಸಿರು ಬಿಡುವುದಕ್ಕೆ ಕಷ್ಟವೇ ಇಲ್ಲ, ಹಾಳೆ ಬಿಟ್ಟರಾಯಿತು. ದುಡಿಮೆ ಇರುವುದೆಲ್ಲ ಎಳೆದುಕೊಳ್ಳುವುದರಲ್ಲಿ. ಇದನ್ನು ನಾನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ ಸಿಸ್ಟರ್ ನನ್ನ ತಲೆ ಸವರಿದ್ದರು. ಆ ಕೈಯ ಬಿಸುಪು ಈಗಲೂ ಒಮ್ಮೊಮ್ಮೆ ನೆತ್ತಿಯ ಮೇಲೆ ಇದ್ದಂತೆನಿಸುತ್ತದೆ. ಪಾಪ, ಅವರು ಈಗಿಲ್ಲ, ಇಲ್ಲದಿರುವುದೇ ಒಳ್ಳೆಯದಾಯಿತು.

ನಮ್ಮ ಮನೆಯ ಹಿಂದಿನ ಓಣಿಯಲ್ಲಿರುವ ನಾಗಪ್ಪ ನಾಗಸ್ವರ ನುಡಿಸುವವನು. ಸುತ್ತಿನ ಮದುವೆಗಳಿಗೆ ಅವನದೇ ವಾಲಗ. ಈ ಸಲ ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಬಂದ. ಬರುವಾಗ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸಿದ್ದರು: ಮೂರು ಕೋಣೆ, ಮೂರು ಬಣ್ಣದ ಚೆಂಡು, ಪಕ್ಕಕ್ಕೊಂದು ಕೊಳವೆ. ಜೊತೆಗೆ ಇಂಗ್ಲಿಷಿನ ಒಂದು ಚೀಟಿ. ಅವನ ಹೆಂಡತಿ ಲಲಿತ ಅದನ್ನು ಹಿಡಿದುಕೊಂಡು, ಗಂಡನನ್ನೂ ಕರೆದುಕೊಂಡು ನಮ್ಮ ಜಗಲಿಗೆ ಬಂದಳು.

"ಇದ್ರಲ್ಲಿ ಎಂತ ಮಾಡದು ಅಂತ ಓದಿ ಹೇಳಿ ಅಮ್ಮ. ನರ್ಸು ಹೇಳಿದ್ರು, ಗಡಿಬಿಡೀಲಿ ನಮಗೆ ತಲೆಗೇ ಹೋಗ್ಲಿಲ್ಲ."

ಕನ್ನಡಕ ಒಳಗಿತ್ತು. ಎದ್ದು ಹೋಗಿ ತರಬಹುದಿತ್ತು. ಆದರೆ ಇಂಗ್ಲಿಷ್ ಓದಲು ಕರೆದವರ ಎದುರು ಕನ್ನಡಕ ಹುಡುಕುವುದು ನನ್ನ ಜಂಬಕ್ಕೆ ಒಗ್ಗಲಿಲ್ಲ. ಚೀಟಿಯನ್ನು ತೋಳುದ್ದ ದೂರ ಹಿಡಿದು, ಇರುವೆ ಸಾಲಿನಂತಿದ್ದ ಅಕ್ಷರಗಳಿಗೆ ತಲೆಯಾಡಿಸಿ, "ಊದಬೇಕು" ಎಂದೆ. ನಮ್ಮ ಕಡೆಯವರು ಕೈಗೆ ಯಾವ ಕೊಳವೆ ಸಿಕ್ಕರೂ ಊದುತ್ತೇವೆ. ಬಚ್ಚಲ ಒಲೆಯ ಮುಂದೆ ಬೆಳೆದ ಬಾಯಿಗಳು ಇವು.

ನಾಗಪ್ಪ ಸಂಕೋಚದಿಂದ, "ಎಳೀರಿ ಅಂದ ಹಾಗಿತ್ತು ಅಮ್ಮ" ಎಂದ.

"ಎಳೆಯೋದು ಬೀಡಿ, ನಾಗಪ್ಪ. ಇದು ಎಕ್ಸರ್‌ಸೈಜ್" ಎಂದೆ ನಾನು.

ಅಷ್ಟಕ್ಕೇ ಬಿಡಲಿಲ್ಲ. ಕೇಳುವವರು ಸಿಕ್ಕರಲ್ಲ ಎಂಬ ಹುರುಪಿನಲ್ಲಿ ಗ್ಯಾಸ್ ಎಕ್ಸ್‌ಚೇಂಜನ್ನೂ ಪಾಠ ಮಾಡಿದೆ. ಶ್ವಾಸಕೋಶದ ತುದಿತುದಿಯಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಚೀಲಗಳಿವೆ, ಅವುಗಳ ಗೋಡೆ ಈರುಳ್ಳಿ ಪೊರೆಗಿಂತಲೂ ತೆಳು, ಗೋಡೆಯ ಆಚೆ ರಕ್ತ. ಆಕ್ಸಿಜನ್ ರಕ್ತಕ್ಕೆ ಹತ್ತುತ್ತದೆ, ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬಾಳೆಹೊನ್ನೂರು ಬಸ್‌ಸ್ಟ್ಯಾಂಡಿನ ಬಸ್ಸಿನ ಹಾಗೆ ಒಂದೇ ಬಾಗಿಲು, ಆದರೆ ನೂಕಾಟವಿಲ್ಲ. ನ್ಯುಮೋನಿಯಾದಲ್ಲಿ ಆ ಚೀಲಗಳಲ್ಲಿ ನೀರು, ಕೀವು ತುಂಬಿಕೊಳ್ಳುತ್ತದೆ, ಮತ್ತೆ ಅರಳಿಸಬೇಕು. ಎಲ್ಲವೂ ಸರಿಯಾಗಿಯೇ ಹೇಳಿದೆ. ಅರಳಿಸುವುದು ಹೇಗೆ ಎನ್ನುವುದೊಂದನ್ನು ಬಿಟ್ಟು.

ನಾಗಪ್ಪ ಒಂಬತ್ತು ದಿನ ಊದಿದ. ಊದಿದರೆ ಆ ಚೆಂಡುಗಳು ಯಾಕೆ ಎದ್ದಾವು? ಕದಲಲಿಲ್ಲ. ದಿನಾ ಸಂಜೆ ಲಲಿತ ಬಂದು ವರದಿ ಒಪ್ಪಿಸುತ್ತಿದ್ದಳು, ನಾನು ವಿಲ್ ಪವರ್ ಸಾಲದು ಎಂದು ಕಳಿಸುತ್ತಿದ್ದೆ. ಹತ್ತನೆಯ ದಿನ ಅವಳು ಜಗಲಿಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದಳು.

"ಒಪ್ಕಂಡಿದ್ದ ಕಿಗ್ಗದ ಮದುವೆಯವ್ರಿಗೆ ಬೇರೆಯವ್ರನ್ನ ನೋಡ್ಕಳಿ ಅಂತ ಇವ್ರು ಹೇಳ್ತಾರಂತೆ ಅಮ್ಮ. ಒಂದು ಚೆಂಡೂ ಎಬ್ಬಿಸಕ್ಕೆ ಆಗ್ದವನು ಇನ್ನು ಊದದು ಎಂತದು ಅಂತಾರೆ. ವಾದ್ಯನ ನರಸಿಂಹರಾಜಪುರದ ನನ್ನ ತಮ್ಮಂಗೆ ಕೊಟ್ಟುಬಿಡ್ತಾರಂತೆ."

ಆಗ ಎದ್ದು ಹೋಗಿ ಕನ್ನಡಕವನ್ನೂ ನನ್ನಲ್ಲೇ ಉಳಿದಿದ್ದ ಚೀಟಿಯನ್ನೂ ತಂದೆ. ಚೀಟಿಯ ಮೊದಲನೆಯ ಪದವೇ 'ಇನ್‌ಹೇಲ್'. ಉಸಿರು ಒಳಕ್ಕೆಳೆಯಿರಿ ಎಂದು, ಅದೂ ದಪ್ಪ ಅಕ್ಷರದಲ್ಲಿ. ಐವತ್ತು ವರ್ಷ ಉಸಿರಿನಲ್ಲೇ ಅನ್ನ ದುಡಿದವನಿಗೆ, ನಿನ್ನ ಎದೆಯಲ್ಲಿ ಉಸಿರಿಲ್ಲ ಎಂದು ನಾನು ನಂಬಿಸಿದ್ದೆ.

ಆ ಕ್ಷಣಕ್ಕೆ ತಪ್ಪಾಯಿತು ಎಂದಿದ್ದರೆ ಈ ಪ್ರಬಂಧ ಇಲ್ಲಿಗೇ, ಗೌರವವಾಗಿ ಮುಗಿಯುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಫಸ್ಟ್ ಪಾರ್ಟ್ ಮುಗೀತು ಅನ್ನು. ಒಂಬತ್ತು ದಿನ ಊದೋದು. ಇವತ್ತಿನಿಂದ ಸೆಕೆಂಡ್ ಪಾರ್ಟ್, ನಿಧಾನಕ್ಕೆ ಎಳೆದು ಹಿಡ್ಕೊಳ್ಳೋದು. ಇಟ್ ಈಸ್ ಅ ಕೋರ್ಸ್" ಎಂದೆ.

ಅವಳ ಹಿಂದೆಯೇ ಹೋದೆ. ಚಾಪೆಯ ಮೇಲಿದ್ದ ನಾಗಪ್ಪ ಕೊಳವೆ ಬಾಯಿಗಿಟ್ಟು ಎಳೆದ. ಒಂದು ಚೆಂಡು ಟಣ್ಣನೆ ಮೇಲಕ್ಕೆ ಹೋಯಿತು, ಎರಡನೆಯದು ಅರ್ಧಕ್ಕೆ ಬಂದು ನಡುಗಿತು. ಲಲಿತ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡಳು. ನಾನು ಹಿಡಿಸಿಕೊಂಡೆ.

ಚೆಕಪ್ಪಿಗೆ ಹೋದಾಗ ಡಾಕ್ಟರು, ನಡುನಡುವೆ ಬಿಟ್ಟು ಸ್ವಲ್ಪ ಸ್ವಲ್ಪ ನುಡಿಸಬಹುದು ಎಂದರಂತೆ. ಕಿಗ್ಗದ ಮದುವೆಗೆ ನಾಗಪ್ಪನೇ ಹೋದ, ನನಗೂ ಕರೆ ಇತ್ತು. ಧಾರೆ ಮುಗಿದ ಮೇಲೆ ಹುಡುಗಿಯ ಅಜ್ಜ ನನ್ನ ಪಕ್ಕದ ಕುರ್ಚಿಗೆ ಬಂದು ಕುಳಿತರು. ಅವರಿಗೂ ಆಸ್ಪತ್ರೆಯಿಂದ ಅದೇ ಮೂರು ಚೆಂಡಿನ ಡಬ್ಬಿ ಸಿಕ್ಕಿತ್ತು. "ಮೊದಲು ಒಂಬತ್ತು ದಿನ ಊದಬೇಕಂತಲ್ಲ ಅಮ್ಮ, ಲಲಿತ ಹೇಳಿದ್ಳು. ನಾಳೆಯಿಂದ ಶುರು ಮಾಡ್ತೀನಿ" ಎಂದರು.

ನನ್ನ ಸುಳ್ಳು ಕೊಪ್ಪದಿಂದ ಬಸ್ಸು ಹತ್ತಿ ನನಗಿಂತ ಮೊದಲೇ ಕಿಗ್ಗ ಸೇರಿತ್ತು.

"ನಿಮಗೆ ಫಸ್ಟ್ ಪಾರ್ಟ್ ಬೇಡ. ಡೈರೆಕ್ಟ್ ಸೆಕೆಂಡ್. ಎಳೆಯೋದೇ" ಎಂದೆ. ಅವರು ಸಮಾಧಾನದಿಂದ ಊಟಕ್ಕೆ ಎದ್ದರು.

ಈಚೆ ಕುಳಿತು ವಾದ್ಯದ ಪೀಪಿ ಒರೆಸುತ್ತಿದ್ದ ನಾಗಪ್ಪ ತಲೆ ಎತ್ತದೆ, ನನಗಷ್ಟೇ ಕೇಳುವಂತೆ ಹೇಳಿದ. "ಚೆಕಪ್ಪಿಗೆ ಹೋದಾಗ ನರ್ಸು ನಂಗೂ ಹಾಗೇ ಅಂದ್ರು ಅಮ್ಮ, ಇದ್ರಲ್ಲಿ ಊದದು ಅಂತಲೇ ಇಲ್ಲ ಅಂತ. ಯಾರು ಹೇಳಿದ್ದು ಮಾರಾಯ್ರೆ ಅಂತ ಬೈದ್ರು. ನಾನೇ ತಪ್ಪು ತಿಳ್ಕಂಡೆ ಅಂದೆ."

ಬಸ್ಸಿನಲ್ಲಿ ಯಾರ ಕಾಲು ತುಳಿದರೂ ತಕ್ಷಣ 'ಸಾರಿ' ಎನ್ನುವವಳು ನಾನು. ಅದನ್ನೇ ಹೇಳಬೇಕೆಂದು ಆಳವಾಗಿ ಉಸಿರೆಳೆದುಕೊಂಡೆ. ಡಯಾಫ್ರಮ್ ತಗ್ಗಿತು, ಪಕ್ಕೆಲುಬು ಎದ್ದಿತು, ಗಾಳಿ ಒಳಗೆ ಬಂತು, ಆಕ್ಸಿಜನ್ ಹತ್ತಬೇಕಾದಲ್ಲಿ ಹತ್ತಿತು. ಸಿಸ್ಟರ್ ನೋಡಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದರು. ಆಮೇಲೆ ಆ ಗಾಳಿ ಬಂದ ದಾರಿಯಲ್ಲೇ ಹೊರಗೆ ಹೋಯಿತು. ಮಾತು ಮಾತ್ರ ಒಳಗೇ ಉಳಿಯಿತು. ನಾಗಪ್ಪ ಒಂದು ಗಳಿಗೆ ಕಾದು, ವಾದ್ಯ ಎತ್ತಿಕೊಂಡು ಎದ್ದುಹೋದ.