ಆಂಟೆನಾ ಹಿಡಿದ ಕಾದಂಬರಿಕಾರ

ಬೆಳಿಗ್ಗೆ ಹತ್ತು ಗಂಟೆಗೆ ಪಕ್ಕದ ಎಸ್‌ಟಿಡಿ ಬೂತಿಗೆ ಬಂದ ಒಂದು ಫೋನು ಗಂಗಾಧರಪ್ಪನ ಇಡೀ ದಿನವನ್ನು ಕೆಡಿಸಿತು.

"ಸಾರ್, ಇವತ್ತು ಸಾಯಂಕಾಲ ನಾಲ್ಕಕ್ಕೆ ಟೀವೀಲಿ ನಿಮ್ಮ ಕಾದಂಬರಿಯ ಧಾರಾವಾಹಿ ಶುರು," ಎಂದಿತು ಬೆಂಗಳೂರಿನ ದನಿ. "ಸಣ್ಣಪುಟ್ಟ ಬದಲಾವಣೆ ಮಾಡ್ಕೊಂಡಿದ್ದೀವಿ, ಬೇಜಾರು ಮಾಡ್ಕೋಬೇಡಿ."

"ಏನು ಬದಲಾವಣೆ?"

"ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಗೂಡಲ್ಲಿ ಕೊಲೆ ಬರ್ದಿದ್ರಲ್ಲ, ಅಲ್ಲಿ ಲೈಟು ಸಾಲಲ್ಲ. ಬಂಗಲೆ ಮಾಡಿದ್ದೀವಿ. ಕೋರ್ಟು ನೂರಿಪ್ಪತ್ತನೇ ಕಂತಿಗೆ ಬರುತ್ತೆ. ಜಡ್ಜ್ ಕೈಗೆ ಒಂದು ಮರದ ಸುತ್ತಿಗೆ ಕೊಡ್ತೀವಿ."

"ನಮ್ಮ ಕೋರ್ಟಲ್ಲಿ ಸುತ್ತಿಗೆ ಇಲ್ಲ ಸ್ವಾಮಿ. ಗೋಡೆಗೆ ಮೊಳೆ ಹೊಡೆಯೋಕೂ ಪಕ್ಕದ ಅಂಗಡಿಯಿಂದ ತರ್ತಾರೆ."

"ಜನ ಕೋರ್ಟು ಅಂತ ನಂಬಬೇಕಲ್ಲ ಸಾರ್. ಹೆಸರೂ ಬದಲಾಯ್ಸಿದ್ದೀವಿ, ‘ವಜ್ರದ ಮೂಗುತಿ’ ಅಂತ. ನಿಮ್ಮ ತಿಮ್ಮವ್ವ ಇದ್ದಾಳಲ್ಲ, ಸಾಕ್ಷಿ ಹೇಳೋ ಮುದುಕಿ? ಬೋರು ಸಾರ್. ಈಗ ಅವಳೇ ಬಂಗಲೆ ಅತ್ತೆ, ಅವಳೇ ವಿಷ ಹಾಕೋಳು. ಹಾಂ, ಟೈಪಿಸ್ಟ್ ಪಾತ್ರಕ್ಕೆ ಮಾತ್ರ ಅದ್ಭುತ ಕಲಾವಿದರು ಸಿಕ್ಕಿದ್ದಾರೆ. ಅದನ್ನ ನೀವೇ ನೋಡಿ!"

ಫೋನು ಇಟ್ಟಾಗ ಗಂಗಾಧರಪ್ಪನ ಮುಖ ಮಳೆಯಲ್ಲಿ ನೆನೆದ ಅರ್ಜಿಯಂತಾಗಿತ್ತು.

ಪಿರಿಯಾಪಟ್ಟಣದ ಕೋರ್ಟಿನ ಮುಂದೆ ಹೊಂಗೆಮರದ ಕೆಳಗೆ ಕೂತು ಇಪ್ಪತ್ತು ವರ್ಷದಿಂದ ಜನರ ಅರ್ಜಿ ಟೈಪು ಮಾಡುತ್ತಿದ್ದವನು ಅವನು. ಆ ಮರದ ಕೆಳಗೇ ಹುಟ್ಟಿದ್ದು ಅವನ ಕಾದಂಬರಿ ‘ಮೂರನೆಯ ಕೂಗು’. ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುತ್ತಾನಲ್ಲ, ಅದೇ ಅದರ ಜೀವ. ಕೊಲೆಯಾದನೆಂದು ಎಲ್ಲರೂ ನಂಬಿದ ರೈತನ ಹೆಸರನ್ನು ಒಬ್ಬ ಚುರುಕು ಟೈಪಿಸ್ಟು ಹಟ ಹಿಡಿದು ಕೂಗಿಸುತ್ತಾನೆ. ಗುಂಪಿನಲ್ಲಿ ಮುಸುಕು ಹಾಕಿ ಕೂತಿದ್ದ ಸತ್ತವನು ಮೂರನೆಯ ಕೂಗಿಗೆ ತಡೆಯಲಾರದೆ "ಇವ್ನಿ ಸ್ವಾಮಿ" ಎಂದು ಓಗೊಟ್ಟುಬಿಡುತ್ತಾನೆ. ಆ ಟೈಪಿಸ್ಟು ಯಾರೆಂದು ಬೀದಿಗೆಲ್ಲ ಗೊತ್ತಿತ್ತು.

ತಿಮ್ಮವ್ವ ಯಾರೆಂಬುದು ಮಾತ್ರ ಇಬ್ಬರಿಗೇ ಗೊತ್ತು. ತಿಮ್ಮವ್ವನೆಂದರೆ ಹಾರನಹಳ್ಳಿಯ ಅಕ್ಕ ಚಿಕ್ಕಬೀರಮ್ಮ; ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಟೈಪು ಕಲಿಯಲು ಪಟ್ಟಣಕ್ಕೆ ಕಳಿಸಿದವಳು. ಅಕ್ಷರ ಬಾರದ ಅಕ್ಕನ ಮುಂದೆ ಕೂತು ಅವನು ತಿಮ್ಮವ್ವನ ಅಧ್ಯಾಯ ಓದಿದ್ದ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೇಳಿದ್ದಳು: "ನನ್ ಮಾತು ಟೀವೀಲೂ ಅಂಗೇ ಬತ್ತದೇನ್ಲಾ?"

"ಒಂದಕ್ಷರ ಬಿಡದಂಗೆ ಬತ್ತದೆ ಅಕ್ಕ," ಎಂದಿದ್ದ ಪುಣ್ಯಾತ್ಮ.

ಒಂದು ಗಂಟೆಯ ಬಸ್ಸಿಗೆ ಅಕ್ಕ ಬಂದಿಳಿದಳು. ಮದುವೆಗೆ ಮಾತ್ರ ಉಡುವ ಸೀರೆ, ತಲೆಯಲ್ಲಿ ಕನಕಾಂಬರ, ಕೈಯಲ್ಲಿ ಹುರಿಗಡಲೆ ಚೀಲ, ಹಿಂದೆ ನೆರೆಮನೆ ಕುಳ್ಳಮ್ಮ.

"ಇವ್ಳು ನಂಬಾಕಿಲ್ಲ ಅಂತಾಳೆ ಕಣ್ಲಾ ಗಂಗ. ನಾನು ಟೀವೀಲಿ ಬತ್ತೀನಿ ಅಂದ್ರೆ ನಗ್ತಾಳೆ. ತೋರ್ಸಾನ ಅಂತ ಎಳ್ಕೊಂಡ್ ಬಂದೆ."

ಗಂಗಾಧರಪ್ಪ ಅವರನ್ನು ನಡುಮನೆಯಲ್ಲಿ ಕೂರಿಸಿದ. ಹೆಂಡತಿ ಸುನಂದಮ್ಮನನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದ.

"ಅಕ್ಕನಿಗೆ ಇರೋದ್ನೇ ಹೇಳ್ಬಿಡಿ," ಎಂದಳು ಅವಳು, ಸಾರಿಗೆ ಒಗ್ಗರಣೆ ಹಾಕುತ್ತ.

"ನಿನ್ನನ್ನ ಕೊಲೆಗಾರ್ತಿ ಮಾಡವ್ರೆ ಅಂತ ಹೆಂಗೇ ಹೇಳ್ಲಿ? ಆ ಹೂ ನೋಡಿದ್ಯಾ ತಲೇಲಿ?"

ದಿನಾ ನಾಲ್ಕಕ್ಕೆ ತಪ್ಪದೆ ಹೋಗುವ ಕರೆಂಟನ್ನು ಅವನು ನಂಬಿಕೊಂಡಿದ್ದ. ಅಂದು ಬಲ್ಬು ಸೀಮಂತದ ಹೆಣ್ಣಿನಂತೆ ಕಳೆಕಳೆಯಾಗಿ ಹೊಳೆಯುತ್ತಿತ್ತು. ಮೂರೂಮುಕ್ಕಾಲಿಗೆ ಬೀದಿಯೆಲ್ಲ ಬಂದು ನಡುಮನೆಯಲ್ಲಿ ಕೂತಿತು. ಅವನು ಮೆಲ್ಲಗೆ ಮೀಟರಿನ ಹತ್ತಿರ ಸರಿದು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ.

ಎಸ್‌ಟಿಡಿ ಬೂತಿನ ಶಿವಣ್ಣ ಎದ್ದ. ಯಾರ ಮನೆಯಲ್ಲಿ ಏನು ಕೆಟ್ಟರೂ ರಿಪೇರಿಗೆ ಕರೆಯದೆ ಬರುವವನು. "ಹೆದರ್ಬೇಡಿ ಗಂಗಾಧರಪ್ನೋರೇ, ನಾನಿಲ್ವಾ?" ಎಂದು ಫ್ಯೂಸಿನ ಜಾಗಕ್ಕೆ ಒಂದು ತಂತಿ ಸುತ್ತಿದ. ಟೀವಿ ಹೊತ್ತಿಕೊಂಡಿತು. "ಶಭಾಸ್!" ಎಂದಿತು ಬೀದಿ.

"ಚಿತ್ರ ಸರಿಯಿಲ್ಲ, ಆಂಟೆನಾ ತಿರುಗಿಸ್ತೀನಿ," ಎಂದು ಗಂಗಾಧರಪ್ಪ ಏಣಿ ಹತ್ತಿದ. ತಾರಸಿಯಲ್ಲಿ ಒಂಟಿಯಾಗಿ ನಿಂತಿದ್ದ ಆಂಟೆನಾವನ್ನು ಕೊಡಗಿನ ಕಡೆಗೆ ತಿರುಗಿಸಿದ.

"ಬಂತು! ಬಂತು!" ಕೆಳಗಿನಿಂದ ಕೂಗು.

ಹುಣಸೂರಿನ ಕಡೆಗೆ ತಿರುಗಿಸಿದ.

"ಇನ್ನೂ ಚೆನ್ನಾಗ್ ಬಂತು!"

ಬುಡವನ್ನೇ ಕಿತ್ತುಹಾಕೋಣವೆಂದು ಎರಡೂ ಕೈಯಿಂದ ಕಂಬವನ್ನು ಅಪ್ಪಿಕೊಂಡ. ಕೆಳಗೆ ಚಪ್ಪಾಳೆ ಬಿತ್ತು. ಶಿವಣ್ಣ ಅಂಗಳಕ್ಕೆ ಓಡಿಬಂದ. "ಅಂಗೇ ಹಿಡ್ಕೊಂಡ್ ನಿಂತ್ಕೊಳ್ಳಿ! ಕೈ ತೆಗೀಬೇಡಿ! ಕನ್ನಡಿ ಇದ್ದಂಗದೆ ಚಿತ್ರ!"

ಅವನು ಕೈ ತೆಗೆದ. ಮನೆಯೊಳಗಿನಿಂದ ಮೂವತ್ತು ಗಂಟಲು ಒಟ್ಟಿಗೆ "ಓಯ್ತೂ" ಎಂದವು. ಆಮೇಲೆ ಅಕ್ಕನ ದನಿ ಬಂತು: "ಮಗಾ, ಇಡ್ಕಳ್ಲಾ. ಒಂದ್ ಗಳಿಗೆ."

ಆ ದನಿಗೆ ಅವನು ಎಂದೂ ಇಲ್ಲವೆಂದವನಲ್ಲ. ಹಿಡಿದುಕೊಂಡ. ತನ್ನ ಅಕ್ಕನನ್ನು ಬೀದಿಯ ಮುಂದೆ ಕೊಲೆಗಾರ್ತಿಯಾಗಿ ತೋರಿಸಲು ತಾನೇ ಕಂಬವಾಗಿ ಅರ್ಧ ಗಂಟೆ ಬಿಸಿಲಿನಲ್ಲಿ ನಿಂತ. ಒಂದು ಕಾಗೆ ಬಂದು ಆಂಟೆನಾದ ತುದಿಯಲ್ಲಿ ಕೂತು ಅವನನ್ನೂ ಒಂದು ಸಾಮಾನಿನಂತೆ ನೋಡಿತು.

ಮೊದಲು ಕೆಳಗೆ ಗಪ್‌ಚಿಪ್. ಆಮೇಲೆ ಮನೆಯ ತಾರಸಿಯೇ ಹಾರುವಂಥ ನಗು. ನಿಂತಿತು ಎನ್ನುವಷ್ಟರಲ್ಲಿ ಮತ್ತೆ. ನಡುವೆ ಅಕ್ಕ ಬಿಕ್ಕುವ ಸದ್ದು: "ಸಾಕು ಕಣವ್ವಾ, ತಡೀನಾರೆ, ಎದೆ ನೋಯ್ತದೆ!"

ನನ್ನ ಅಕ್ಕ ಅಳುತ್ತಿದ್ದಾಳೆ, ಇವರು ನಗುತ್ತಿದ್ದಾರೆ. ಗಂಗಾಧರಪ್ಪನ ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕಂತು ಮುಗಿದದ್ದೇ ತಡ, ಏಣಿಯ ಅರ್ಧ ಮೆಟ್ಟಿಲು ಬಿಟ್ಟು ಜಾರಿ ಇಳಿದ. ಪಂಚೆಯ ಅಂಚು ಏಣಿಯ ಮೊಳೆಯಲ್ಲೇ ಉಳಿಯಿತು. ನಡುಮನೆಗೆ ನುಗ್ಗಿ ಅಕ್ಕನ ಕಾಲು ಹಿಡಿದ. ಅವಳ ಕೆನ್ನೆ ಒದ್ದೆಯಾಗಿತ್ತು.

"ತಪ್ಪಾಯ್ತು ಅಕ್ಕ. ನಾನು ಬರ್ದಿದ್ದು ಅದಲ್ಲ. ತಿಮ್ಮವ್ವನ್ನ ಅವ್ರು ವಿಷ ಹಾಕೋಳ್ ಮಾಡವ್ರೆ."

"ಆ ಮೂಗುತಿಯೋಳು ತಿಮ್ಮವ್ವನೇನ್ಲಾ?" ಅಕ್ಕನ ಕಣ್ಣು ಅರಳಿತು. "ಕುಳ್ಳಮ್ಮಿ, ಕೇಳ್ದೇನಮ್ಮಿ? ಅವ್ಳೇ ನಾನು! ಒಂದ್ ಸಲ ಕೆಮ್ಮಿದ್ರೆ ಮನೆಯೆಲ್ಲಾ ನಡುಗ್ತದೆ. ನಿನ್ ಪುಸ್ತಕದ ಮುದುಕಿ ಬರೀ ಒಳ್ಳೇಳು ಕಣ್ ಮಗ. ನೀನು ಆಸೆಯಿಂದ ಬರ್ದಿದ್ದೆ ಅಂತ ನಾನೂ ಸುಮ್ಕಿದ್ದೆ."

ಗಂಗಾಧರಪ್ಪ ತಬ್ಬಿಬ್ಬಾದ. "ಮತ್ತೆ... ನೀನು ಅಳ್ತಿದ್ದಿಯಲ್ಲ?"

"ಅಳಾಕೆ ಏನಾಗದೆ? ನಕ್ಕೂ ನಕ್ಕೂ ನೀರ್ ಬಂತು. ಆ ಟೈಪು ಮಾಡೋನು!"

ನಡುಮನೆ ಮತ್ತೆ ಸಿಡಿಯಿತು. ಕುಳ್ಳಮ್ಮ ಗೋಡೆಗೆ ಒರಗಿಕೊಂಡಳು. ಶಿವಣ್ಣ ಎದ್ದು ಅಭಿನಯಿಸಿಯೇ ತೋರಿಸಿದ: ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುವುದು, ಉಯಿಲು ಟೈಪು ಮಾಡಲು ಬಂದು ಬಂಗಲೆಯ ಮೆಟ್ಟಿಲಿನಿಂದ ಉರುಳುವುದು, ಹೆಣ ಕಂಡು ಮೂರ್ಛೆ ಹೋಗುವುದು, ಎಚ್ಚರವಾಗಿ ಮತ್ತೆ ಅದೇ ಹೆಣ ಕಂಡು ಮತ್ತೆ ಮೂರ್ಛೆ ಹೋಗುವುದು.

"ಅಚ್ಚು ನೀನೇ ಕಣ್ಲಾ!" ಅಕ್ಕ ಪ್ರೀತಿಯಿಂದ ಅವನ ಕೆನ್ನೆ ಸವರಿದಳು. "ಸಣ್ಣೋನಿದ್ದಾಗ್ಲೂ ಇಂಗೇ ಬೀಳ್ತಿದ್ದೆ."

ಗಂಗಾಧರಪ್ಪ ಹಣೆ ಮುಟ್ಟಿನೋಡಿಕೊಂಡ. ಕನ್ನಡಕ ಅಲ್ಲಿಯೇ ಇತ್ತು. ಹೆಂಡತಿಯ ಕಡೆ ನೋಡಿದರೆ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು.

ಧಾರಾವಾಹಿ ಮುಗಿಯುವ ತನಕ ಇಲ್ಲೇ ಇರುತ್ತೇನೆಂದು ಅಕ್ಕ ಸಾರಿದಳು. ಕುಳ್ಳಮ್ಮನೂ ಸೊಸೆಗೆ ಹೇಳಿಕಳಿಸಿದಳು.

ಮರುದಿನ ನಾಲ್ಕಕ್ಕೆ ಐದು ನಿಮಿಷ ಇರುವಾಗ ಗಂಗಾಧರಪ್ಪ ಹಿತ್ತಲಿನ ಬಚ್ಚಲಮನೆ ಸೇರಿ ಚಿಲಕ ಹಾಕಿಕೊಂಡ. ಏನಾದರೂ ಆಗಲಿ, ಇಂದು ಏಣಿ ಹತ್ತುವುದಿಲ್ಲ.

"ಟೈಪು ಗಂಗಾಧರಪ್ಪಾ..." ಅಂಗಳದಿಂದ ಅಕ್ಕ ಕೂಗಿದಳು. ಅವನು ಉಸಿರು ಬಿಗಿಹಿಡಿದ.

"ಟೈಪು ಗಂಗಾಧರಪ್ಪಾ..." ಈ ಸಲ ಇಡೀ ಬೀದಿ ದನಿಗೂಡಿಸಿತು. ಅವನು ಕಿವಿ ಮುಚ್ಚಿಕೊಂಡ.

ಮೂರನೆಯ ಕೂಗು ಅಕ್ಕನದೊಬ್ಬಳದೇ, ಮೆಲ್ಲಗೆ: "ಗಂಗಾ... ಇದ್ದೀಯೇನ್ ಮಗಾ?"

ಅವನ ಕಾದಂಬರಿಯಲ್ಲಿ ಸತ್ತವನೇ ಮೂರನೆಯ ಕೂಗಿಗೆ ತಡೆಯಲಾರದೆ ಓಗೊಟ್ಟಿದ್ದ. ಬದುಕಿರುವವನು ಏನು ಮಾಡಿಯಾನು?

"ಇವ್ನಿ ಅಕ್ಕ," ಎಂದು ಗಂಗಾಧರಪ್ಪ ಚಿಲಕ ತೆಗೆದು ಏಣಿಯ ಕಡೆ ನಡೆದ.