ಡ್ರೈವರಣ್ಣನ ಮೌನದ ಅಡುಗೆ

ಬಸ್ ಡಿಪೋದ ಕ್ಲಿನಿಕ್ಕಿನಲ್ಲಿ ಡ್ರೈವರಣ್ಣನ ತೋಳಿಗೆ ಸುತ್ತಿದ ಪಟ್ಟಿಯಲ್ಲಿ ಗಾಳಿ ತುಂಬುತ್ತಿದ್ದಂತೆ ಪಾದರಸ ಏರಿತು, ಡಾಕ್ಟರಮ್ಮನ ಹುಬ್ಬೂ ಏರಿತು.

“ಇಷ್ಟು ರಕ್ತದೊತ್ತಡ ಇಟ್ಕೊಂಡು ಬಸ್ ಓಡಿಸೋ ಹಾಗಿಲ್ಲ. ಸಂಜೆ ಇನ್ನೊಂದ್ಸಲ ನೋಡ್ತೀನಿ. ಆಗ್ಲೂ ಹೀಗೇ ಇದ್ರೆ ನಿಮ್ಮನ್ನ ಡ್ಯೂಟಿಯಿಂದ ತೆಗೀಬೇಕಾಗುತ್ತೆ.”

ಒಂದು ಮಾತ್ರೆ ನುಂಗಿಸಿ, ಮನಸ್ಸು ತಣ್ಣಗಾಗಲು ಮನೆಗೆ ಹೋಗಿ ಒಂದು ಗಂಟೆ ಅಡುಗೆ ಮಾಡಿ ಎಂದರು. ಯಾರೊಡನೆಯೂ ಮಾತು ಬೇಡ. ಹೆಚ್ಚುವಾಗ ಮನಸ್ಸೆಲ್ಲ ಚಾಕುವಿನ ಮೇಲೆ, ಬೇಯಿಸುವಾಗ ಹಬೆಯ ಮೇಲೆ. ತಾವೂ ದಿನಾ ಹಾಗೇ ಮಾಡುವುದಂತೆ. ಅವರ ಮುಖ ಉಜ್ಜಿಟ್ಟ ಪಾತ್ರೆಯ ಹಾಗೆ ಶಾಂತವಾಗಿತ್ತು.

ಡ್ರೈವರಣ್ಣ ತಲೆ ತಗ್ಗಿಸಿ ಮನೆಯತ್ತ ನಡೆದ. ಇಪ್ಪತ್ತಾರು ವರ್ಷದಲ್ಲಿ ಅವನು ತಿರುಗಿಸಿದ ಕಡೆಗೆ ತಿರುಗಿದ್ದು ಸ್ಟೀರಿಂಗ್ ಒಂದೇ. ಅದೂ ಕೈಬಿಟ್ಟರೆ ಉಳಿಯುವುದೇನು?

ಮನೆಯಲ್ಲಿ ಹೆಂಡತಿ ಇರಲಿಲ್ಲ. ಬೇಳೆ ಒಲೆಗಿಟ್ಟು ಕ್ಯಾರೆಟ್ ಹೆಚ್ಚತೊಡಗಿದ, ಕಿರಿದಾದ ಸೇತುವೆ ಮೇಲೆ ಬಸ್ಸು ದಾಟಿಸುವಷ್ಟು ಎಚ್ಚರದಿಂದ. ಅಷ್ಟರಲ್ಲಿ ಅವಳು ಬಂದಳು. ಇಷ್ಟು ಬೇಗ ಯಾಕೆ ಬಂದಿರಿ, ಆ ಚಾಕು ಯಾಕೆ ಎಂದೆಲ್ಲ ಕೇಳಿದಳು. ಅವನು ಮಾತಾಡಲಿಲ್ಲ. ಕೊನೆಗೆ ಅವಳು ಮೆಲ್ಲಗೆ, “ರೀ, ಕೆಲ್ಸ ಹೋಯ್ತಾ?” ಎಂದಳು.

ಆ ಮಾತು ನೋಯುವ ಜಾಗಕ್ಕೇ ತಗುಲಿತು. ಅವನ ಕಣ್ಣು ತುಂಬಿ ಬಂತು, ಬಾಯಿ ಮಾತ್ರ ತೆರೆಯಲಿಲ್ಲ. ಗಂಡನಿಗೆ ಮಾತೇ ಬಿದ್ದುಹೋಯಿತೆಂದು ಅವಳು ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯ ದರ್ಜಿಯಮ್ಮ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬಂದಳು, ಮಹಡಿಯ ನಿವೃತ್ತ ಕಾಂಪೌಂಡರನ್ನೂ ಕರೆತಂದಳು. ಅವರು ನಾಲಿಗೆ ಚಾಚಿಸಿ ಅತ್ತಿತ್ತ ನೋಡಿ, “ನಾಲಿಗೆ ನೆಟ್ಟಗಿದೆ. ತೊಂದರೆ ಇರೋದು ಮೇಲೆ,” ಎಂದು ಅವನ ತಲೆ ತೋರಿಸಿದರು.

ಇನ್ನು ಡ್ರೈವರಣ್ಣನಿಗೆ ತಡೆಯಲಾಗಲಿಲ್ಲ. “ನನಗೇನೂ ಆಗಿಲ್ಲ. ಅಡುಗೆ ಮಾಡ್ತಿದ್ದೀನಿ, ಅಷ್ಟೇ.”

ಹೆಂಡತಿ ಈಗ ನಿಜವಾಗಿಯೂ ಅಳತೊಡಗಿದಳು. “ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲದ ಮನುಷ್ಯ ಕಣಕ್ಕಾ ಇವ್ರು.”

ಇಂಥ ಸ್ಥಿತಿಯಲ್ಲಿ ಕೈಗೆ ಚಾಕು ಕೊಡಬಾರದೆಂದು ಕಾಂಪೌಂಡರು ಅದನ್ನು ಕಿತ್ತುಕೊಂಡರು. ದರ್ಜಿಯಮ್ಮ ರಟ್ಟೆ ಹಿಡಿದು ಅವನನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದಳು. ಒಳಗೆ ಬೇಳೆಗೆ ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮೂವರಿಗೂ ಜಗಳ ಹತ್ತಿತು. ಅವನನ್ನು ಎಲ್ಲರೂ ಮರೆತೇಬಿಟ್ಟರು. ಎಲ್ಲ ಮುಗಿಯಿತು ಎಂದುಕೊಂಡ ಡ್ರೈವರಣ್ಣ ಗೋಡೆಗೊರಗಿ ನಿದ್ದೆಹೋದ.

ಸಂಜೆ, ಹೇಳಿದ ಮಾತು ಕೇಳುವ ಮಗುವಿನಂತೆ ಪಾದರಸ ಕೆಳಗೇ ನಿಂತಿತು. ಡಾಕ್ಟರಮ್ಮ ಅರಳಿಹೋದರು. “ಅಡುಗೆ ಮಾಡಿದ್ರಿ ತಾನೇ?”

ಇಲ್ಲ ಎಂದರೆ ಎಲ್ಲಿ ಮತ್ತೆ ಡ್ಯೂಟಿಯಿಂದ ತೆಗೆಯುವ ಮಾತಾಡುತ್ತಾರೋ! “ಮಾಡ್ದೆ ಮೇಡಂ. ಮನಸ್ಸು ಹಗುರಾಯ್ತು.”

ಅವರು ಸಂತೋಷದಿಂದ ಡಿಪೋ ಮ್ಯಾನೇಜರಿಗೆ ಚೀಟಿ ಬರೆದುಕೊಟ್ಟರು: ಒತ್ತಡ ಇಳಿದಿದೆ, ಅಡುಗೆಯೇ ಇವರಿಗೆ ಮದ್ದು, ದಿನವೂ ಮಾಡತಕ್ಕದ್ದು.

ಮ್ಯಾನೇಜರು ಚೀಟಿಯನ್ನು ಎರಡು ಸಲ ಓದಿದರು. ಡಿಪೋ ಕ್ಯಾಂಟೀನಿನ ಅಡುಗೆಯವನು ಬಿಟ್ಟುಹೋಗಿ ಮೂರು ವಾರವಾಗಿತ್ತು.

“ಬಸ್ಸಲ್ಲಿ ಕೂತು ಯಾಕಪ್ಪಾ ಜೀವ ತೇಯ್ತೀಯ? ಇವತ್ತಿಂದ್ಲೇ ಕ್ಯಾಂಟೀನಿಗೆ ಹೋಗು. ಮುನ್ನೂರು ಜನಕ್ಕೆ ಬೇಯಿಸ್ಬೇಕು. ಆರೋಗ್ಯಕ್ಕೆ ಇದಕ್ಕಿಂತ ಇನ್ನೇನ್ ಬೇಕು?”

ಬಾಯಿ ತೆರೆದರೆ ಡಾಕ್ಟರಮ್ಮನಿಗೆ ಹೇಳಿದ ಸುಳ್ಳು ಬಯಲಾಗುತ್ತಿತ್ತು. ಡ್ರೈವರಣ್ಣ ಏಪ್ರನ್ ಕಟ್ಟಿಕೊಂಡ.

ಕ್ಯಾಂಟೀನಿನ ಕಿಟಕಿಯಾಚೆ ಅವನ ಬಸ್ಸನ್ನು ಯಾರೋ ಹೊಸಬ ಹೊರಡಿಸುತ್ತಿದ್ದ. ಗೇರು ಕರಕರ ಎಂದು ಹಲ್ಲು ಕಡಿಯಿತು.

“ಕ್ಲಚ್ಚು ಪೂರ್ತಿ ಒತ್ತಯ್ಯಾ,” ಎಂದ ಡ್ರೈವರಣ್ಣ, ಎದುರಿಗಿದ್ದ ಈರುಳ್ಳಿ ಮೂಟೆಗೆ.