ಹಪ್ಪಳ ಬಿಟ್ಟು ಕರಡಿ ಎತ್ತಿಕೊಂಡು ಹೋದವರಿಗೆ

ಸುಬ್ರಹ್ಮಣ್ಯ,
ಎಪ್ರಿಲ್ ೧೯೬೩

ಬಸ್ಸು ನಿಲ್ಲುವಲ್ಲಿಯ ಆಲದ ಮರದಲ್ಲಿ ಖಾಯಂ ವಾಸ್ತವ್ಯವುಳ್ಳ, ಯಾತ್ರಿಕರ ಬಾಳೆಹಣ್ಣಿನ ಮೇಲೆ ಸರ್ವಾಧಿಕಾರ ಹೊಂದಿದ ಮಾನ್ಯ ಹೆಣ್ಣುಮಂಗನವರಿಗೆ ಬಳೆಯಂಗಡಿಯ ಲೋಲಾಕ್ಷಿಯ ಸಾಷ್ಟಾಂಗ ವಂದನೆಗಳು.

ಮಾನ್ಯರೇ,

ತಾವೂ ತಮ್ಮ ಪರಿವಾರವೂ ಕ್ಷೇಮವೆಂದು ನಮ್ಮ ಮಾಡಿನ ಹಂಚುಗಳ ಸದ್ದಿನಿಂದಲೇ ತಿಳಿಯುತ್ತಿದೆ. ಇತ್ತ ನಾವೂ ಕ್ಷೇಮ. ಹಂಚುಗಳ ಬಗ್ಗೆ ಹಾಗೆ ಹೇಳುವಂತಿಲ್ಲ. ಆದರೆ ಈ ಪತ್ರ ಬರೆಯುತ್ತಿರುವುದು ಮೊನ್ನೆ ಮಧ್ಯಾಹ್ನ ತಾವು ನಮ್ಮ ಅಂಗಳಕ್ಕೆ ದಯಮಾಡಿಸಿ ಎತ್ತಿಕೊಂಡು ಹೋದ ಕರಡಿಬೊಂಬೆಯ ವಿಷಯವಾಗಿ.

ಕಳೆದ ವರ್ಷ ಬೆಂಗಳೂರಿನ ಯಾತ್ರಿಕರೊಬ್ಬರ ಮಗು ತನ್ನ ಟೆಡ್ಡಿ ಕರಡಿಯನ್ನು ನಮ್ಮ ಅಂಗಡಿಯ ಹಲಗೆಯ ಮೇಲೆ ಕೂರಿಸಿತ್ತು. ತಾಯಿ ಬಳೆ ಆರಿಸಿ ಮುಗಿಸುವಷ್ಟರಲ್ಲಿ ನಾನು ಅದನ್ನು ತಡವಿ ತಡವಿ ಹೊಲಿಗೆ ಎಲ್ಲೆಲ್ಲಿ ಬರುತ್ತದೆಂದು ತಿಳಿದುಕೊಂಡಿದ್ದೆ. ಅಂದು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ನಾನೂ ಅಂಥದೇ ಒಂದನ್ನು ಹೊಲಿದೆ. ಮೈಗೆ ಹಳೆಯ ಕಂದು ಕಂಬಳಿ (ಅದು ಯಾರದೆಂದು ಆಮೇಲೆ ಹೇಳುತ್ತೇನೆ), ಹೊಟ್ಟೆಗೆ ಬೂರುಗದ ಹತ್ತಿ, ಕಣ್ಣಿಗೆ ಕೋಟಿನ ಗುಂಡಿ. ಕೈಕಾಲು ತಿರುಗಲೆಂದು ಒಳಗೂ ಗುಂಡಿಯಿಟ್ಟು ದಾರ ಬಿಗಿಯುವುದನ್ನು ಕಲಿಯುವ ಹೊತ್ತಿಗೆ ಸೂಜಿ ಕಂಬಳಿಗಿಂತ ಹೆಚ್ಚಾಗಿ ನನ್ನ ಬೆರಳಿಗೇ ಚುಚ್ಚಿತ್ತು. ಉಳಿದ ಚೂರುಗಳಲ್ಲಿ ಹೆಬ್ಬೆರಳುದ್ದದ ಪುಟ್ಟ ಕರಡಿಗಳನ್ನೂ ಹೊಲಿದೆ. ಅವಕ್ಕೆ ಕರಿಮಣಿಯ ಕಣ್ಣು, ಬೆಂಕಿಪೆಟ್ಟಿಗೆಯಲ್ಲಿ ವಾಸ.

ಪಕ್ಕದ ಹೋಟೆಲಿನ ಪದ್ಮಯ್ಯನವರು ದೊಡ್ಡದನ್ನು ಎತ್ತಿ ನೋಡಿ, "ಹಂದಿ ಲಾಯ್ಕ ಉಂಟು ಮಾರಾಯ್ರೆ" ಎಂದು ಮೆಚ್ಚಿದರು. ನಮ್ಮ ಯಜಮಾನರು ಮುಸ್ಸಂಜೆಯ ಮಬ್ಬಿನಲ್ಲಿ ದೂರದಿಂದಲೇ ನೋಡಿ, "ಇದು ಎಂತ, ನಾಯಿಯಾ?" ಎಂದರು. ಶಾಲೆಯ ವಸುಮತಿ ಟೀಚರು ಮಾತ್ರ, ಬರುವ ಶನಿವಾರ ಪುತ್ತೂರಿನಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನ ಉಂಟೆಂದು ನನ್ನ ಹೆಸರು ಕೊಟ್ಟು ಬಂದರು. ಒಬ್ಬರಾದರೂ ಅದನ್ನು ಕರಡಿಮರಿ ಎಂದು ಗುರುತಿಸಿದರೆ ಈ ಕೆಲಸ ಮುಂದುವರಿಸುವುದು, ಇಲ್ಲವಾದರೆ ತೆಪ್ಪಗೆ ಬಳೆ ಮಾರಿಕೊಂಡಿರುವುದು ಎಂದು ನಾನು ಶಪಥ ಮಾಡಿದ್ದೆ.

ಹತ್ತಿಗೆ ತೇವ ಹಿಡಿದದ್ದರಿಂದ ಕರಡಿಯನ್ನು ಬಿಸಿಲಿಗಿಡಬೇಕಾಯಿತು. ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳವೂ ಒಣಗುತ್ತಿತ್ತು. ತಮ್ಮಿಂದ ಹಪ್ಪಳ ಕಾಯಲು ಕರಡಿಗಿಂತ ತಕ್ಕವರು ಯಾರೆಂದು ಅದನ್ನು ಚಾಪೆಯ ನಡುವೆ ಕೂರಿಸಿ, ಪಕ್ಕದಲ್ಲಿ ಒಂದು ಕೋಲನ್ನೂ ಇಟ್ಟು, ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಳ್ಳುತ್ತಾ ಅಂಗಡಿಗೆ ನಡೆದೆ. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯ ಹಪ್ಪಳ ಕಂಡು ಸುಮ್ಮನೆ ಹೋಗದ ತಾವು ಆ ದಿನ ಒಂದನ್ನೂ ಮುಟ್ಟದೆ ಕಾವಲುಗಾರನನ್ನೇ ಎತ್ತಿಕೊಂಡು ಹೋದಿರಿ.

ಶನಿವಾರ ಕಡಬದ ಮಾರ್ಗವಾಗಿ ಪುತ್ತೂರಿಗೆ ಹೋಗುವ ಮೊದಲ ಬಸ್ಸು ಹೊರಡುವುದರೊಳಗೆ ಅದನ್ನು ಹಿಂದಿರುಗಿಸಬೇಕೆಂದು ಖಡಾಖಂಡಿತವಾಗಿ ಬರೆಯಲೆಂದೇ ಕಾಗದ ತರಿಸಿದ್ದೆ. ಅಷ್ಟರಲ್ಲಿ ನಿನ್ನೆ ಸಂಜೆ ಛತ್ರದ ಮಾಡಿನ ಮೇಲೆ ತಮ್ಮ ದರ್ಶನವಾಯಿತು. ಕರಡಿಯನ್ನು ಎದೆಗವಚಿಕೊಂಡು ಅದರ ತಲೆಯಲ್ಲಿ ಹೇನು ಹುಡುಕುತ್ತಿದ್ದಿರಿ. ಆ ಕಂಬಳಿಯಲ್ಲಿ ಸಿಕ್ಕಿರಲೂಬಹುದು. ಹೋದ ತಿಂಗಳು ತಮ್ಮ ಮರಿ ಬಸ್ಸಿನಡಿಗೆ ಬಿದ್ದದ್ದನ್ನು ನಾವೆಲ್ಲ ಅಂಗಡಿಯಿಂದ ನೋಡಿದವರೇ. ನನ್ನ ಸಿಟ್ಟು ಅಲ್ಲಿಯೇ ಇಳಿಯಿತು. ಅಳುವೂ ಬಂತೆಂದು ಹೇಳಲು ನನಗೆ ನಾಚಿಕೆಯಿಲ್ಲ.

ಆಗಲೇ ಕಣ್ಣಿಗೆ ಬಿದ್ದದ್ದು: ತಾವು ಅಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದರೂ ಕರಡಿಗೆ ತಮ್ಮನ್ನು ಅಪ್ಪಿಕೊಳ್ಳಲು ಆಗುತ್ತಿರಲಿಲ್ಲ. ನಾನು ಹೊಲಿದ ಕೈ ತೀರಾ ಗಿಡ್ಡ. ಅದಕ್ಕೇ ಎಲ್ಲರ ಕಣ್ಣಿಗೆ ಹಂದಿಯಾಗಿ ಕಂಡದ್ದು. ಉಳಿದರ್ಧ ಕಂಬಳಿಯಲ್ಲಿ ಈಗ ಪ್ರದರ್ಶನಕ್ಕೆಂದು ಉದ್ದ ಕೈಯ ಇನ್ನೊಂದನ್ನು ಹೊಲಿಯುತ್ತಿದ್ದೇನೆ.

ಆದುದರಿಂದ ನನ್ನ ದೂರನ್ನು ಹಿಂದೆಗೆದುಕೊಂಡಿದ್ದೇನೆ. ಕರಡಿ ತಮ್ಮಲ್ಲೇ ಇರಲಿ. ಮಳೆ ಬಂದರೆ ಅದನ್ನು ಒದ್ದೆ ಮಾಡಬೇಡಿ, ಬೂರುಗದ ಹತ್ತಿ ಗಂಟು ಕಟ್ಟುತ್ತದೆ. ಮತ್ತು ಶನಿವಾರ ಬಿಡುವಿದ್ದರೆ ತಾವು ಪುತ್ತೂರಿಗೆ ಬಂದು ತೀರ್ಪುಗಾರರ ನಡುವೆ ಕುಳಿತುಕೊಳ್ಳಬೇಕು. ಬಸ್ಸಿನ ಮೇಲೆ ಕೂತವರ ಹತ್ತಿರ ಕಂಡಕ್ಟರ್ ಉಸ್ಮಾನ್ ಟಿಕೇಟು ಕೇಳುವುದಿಲ್ಲ. ಬರಲಾಗದಿದ್ದರೂ ಚಿಂತೆಯಿಲ್ಲ. ಒಬ್ಬರಾದರೂ ಅದನ್ನು ಮರಿ ಎಂದು ಗುರುತಿಸಲಿ ಎಂದಿದ್ದೆ, ತಾವು ಗುರುತಿಸಿದಿರಿ.

ಈ ವರ್ಷದ ಹಪ್ಪಳವೆಲ್ಲ ಉಳಿದ ಸಂತೋಷದಲ್ಲಿ,
ತಮ್ಮ ವಿಶ್ವಾಸಿ
ಲೋಲಾಕ್ಷಿ

ತಾ.ಕ.: ನಮ್ಮ ಯಜಮಾನರು ಅವರ ಆ ಕಂದು ಕಂಬಳಿಯನ್ನು ಇನ್ನೂ ಹುಡುಕುತ್ತಿದ್ದಾರೆ. ಇದು ಬಹಿರಂಗ ಪತ್ರವಾದರೂ ಹೆದರಿಕೆಯಿಲ್ಲ, ಪತ್ರಿಕೆಯಲ್ಲಿ ಅಡಿಕೆಯ ಧಾರಣೆ ಬಿಟ್ಟು ಬೇರೇನನ್ನೂ ಅವರು ಓದುವವರಲ್ಲ. ಆದರೆ ತಾವು ಕರಡಿಯನ್ನು ಎತ್ತಿಕೊಂಡು ಅವರ ಕಣ್ಣೆದುರು ಮಾತ್ರ ಸುಳಿಯಬೇಡಿ. ಅವರಿಗೆ ಕರಡಿಯ ಗುರುತು ಸಿಗದಿದ್ದರೂ ಕಂಬಳಿಯ ಗುರುತು ಸಿಗುತ್ತದೆ.